ಸೇತುವೆ ಮೇಲಿನ ಹೆಣ ಯಾರ ಸರಹದ್ದಿಗೆ?

ಸ್ವೀಡನ್ನು, ಡೆನ್ಮಾರ್ಕು ಸೇರಿ ಮಾಡಿದ 'ದಿ ಬ್ರಿಡ್ಜ್' ಸೀರಿಯಲ್ 2011ರದು, ಹಳೆಯದೇ. ಆದ್ರೂ ನೋಡಿಲ್ಲ ಅಂದ್ರೆ ನೋಡಿ. ನಮ್ಮ ಬೀದರ ಕಡೆಯವರಿಗೆ ಅದು ಸ್ವಲ್ಪ ಜಾಸ್ತಿನೇ ಹಿಡಿಸುತ್ತೆ ಅನ್ನೋದು ನನ್ನ ವಾದ.

ಡೆನ್ಮಾರ್ಕಿನ ಕೋಪನ್‌ಹೇಗನ್‌ಗೂ ಸ್ವೀಡನ್ನಿನ ಮಾಲ್ಮೋಗೂ ನಡುವೆ ಸಮುದ್ರದ ಮೇಲೆ ಓರೆಸುಂಡ್ ಸೇತುವೆ ಇದೆ, ಸುಮಾರು 8 ಕಿಲೋಮೀಟರ್ ಉದ್ದ. ಒಂದು ರಾತ್ರಿ ಅಲ್ಲಿ ಕರೆಂಟ್ ಹೋಗಿ ಬರುವಷ್ಟರಲ್ಲಿ ಸರಿಯಾಗಿ ಗಡಿಗೆರೆ ಮೇಲೆ ಒಂದು ಹೆಣ. ಸ್ವೀಡನ್ನಿನ ರಾಜಕಾರಣಿಯದು. ಹಾಗಾದ್ರೆ ಕೇಸು ನಿಮ್ದೇ ಅಂತ ಡೆನ್ಮಾರ್ಕಿನ ಪೊಲೀಸ್ ಮಾರ್ಟಿನ್ ಕೈ ತೊಳೆದುಕೊಳ್ಳುತ್ತಾನೆ. ಎತ್ತಲು ಹೋದ್ರೆ ಹೆಣ ಎರಡು ತುಂಡು! ಸೊಂಟದ ಕೆಳಗಿನದು ಡೆನ್ಮಾರ್ಕಿನ ಬೇರೆ ಹೆಂಗಸಿನದು ಅಂತ ಆಮೇಲೆ ಗೊತ್ತಾಗುತ್ತೆ. ತೆಲಂಗಾಣದ ಜಹೀರಾಬಾದ್ ದಾರಿಯಲ್ಲೋ ಮಹಾರಾಷ್ಟ್ರದ ಉದಗೀರ ದಾರಿಯಲ್ಲೋ ಲಾರಿ ಪಲ್ಟಿಯಾದಾಗ 'ಇದು ನಮ್ಮ ಹದ್ದಿನಾಗ ಬರಲ್ರೀ' ಅನ್ನೋದನ್ನು ಕೇಳಿದವರಿಗೆ ಈ ಸೀನ್ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಅದೇ ರಾತ್ರಿ ಸೇತುವೆಗೆ ಒಂದು ಆಂಬುಲೆನ್ಸ್ ಬರುತ್ತೆ. ಒಳಗೆ ಹೃದಯ ಕಸಿಗೆ ಹೊರಟ ರೋಗಿ, ಜೊತೆಗೆ ಹೆಂಡತಿ. ಸ್ವೀಡನ್ನಿನ ಪೊಲೀಸ್ ಸಾಗಾ ಬಿಡುವುದಿಲ್ಲ, ಸಾಕ್ಷ್ಯ ಹಾಳಾಗುತ್ತೆ ಅಂತಾಳೆ. ಆ ಹೆಂಗಸು ಗೋಗರೆದರೂ ಇವಳ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಮಾರ್ಟಿನ್ ಬಿಟ್ಟು ಕಳಿಸುತ್ತಾನೆ. ಸಾಗಾ ಅವನ ಮೇಲೇ ದೂರು ಬರೆಯುತ್ತಾಳೆ!

ನೋಡಿದವರೆಲ್ಲ ಮಾರ್ಟಿನ್ ಪರ. ನಾನು ಸಾಗಾ ಪರ. ಎಲ್ಲರ ಹೆಗಲ ಮೇಲೆ ಕೈ ಹಾಕಿ ಮಾತಾಡುವ ಈ ಒಳ್ಳೆಯ ಮನುಷ್ಯ, ಮನೆಯಲ್ಲಿ ಹೆಂಡತಿ ಇದ್ದೂ, ಮುಂದೆ ಅದೇ ಆಂಬುಲೆನ್ಸಿನ ಹೆಂಗಸಿನ ಜೊತೆ ಮಲಗುತ್ತಾನೆ. ಸಾಗಾ ಒರಟಿ, ಸರಿ, ಆಫೀಸಿನಲ್ಲಿ ಎಲ್ಲರ ಎದುರೇ ಅಂಗಿ ಬದಲಿಸುತ್ತಾಳೆ. ಆದ್ರೆ ಅವಳಿಂದ ಯಾರಿಗೂ ಬೆನ್ನ ಹಿಂದೆ ಏಟು ಬೀಳುವುದಿಲ್ಲ, ಏನಿದ್ರೂ ಮುಖದ ಮೇಲೇ. ಸಾಗಾ ಪಾತ್ರದ ಸೋಫಿಯಾ ಹೆಲಿನ್ ನಟನೆ ಅಂದ್ರೆ ನಟನೆ!

2018ರವರೆಗೆ 4 ಸೀಸನ್ ಬಂತು. ಮೂರನೆಯದರಲ್ಲಿ ಮಾರ್ಟಿನ್ ಪಾತ್ರದ ಕಿಮ್ ಬೋಡ್ನಿಯಾ ಇಲ್ಲ, ಬದಲಿಗೆ ಬರುವ ಹೆನ್ರಿಕ್ ಪರವಾಗಿಲ್ಲ, ಅಷ್ಟೇ. ಅಮೆರಿಕ–ಮೆಕ್ಸಿಕೋ, ಇಂಗ್ಲೆಂಡ್–ಫ್ರಾನ್ಸ್ ಅಂತ ನಕಲುಗಳೂ ಆದವು, ಅವುಗಳಿಗೆ ನನಗೆ ತಾಳ್ಮೆ ಇಲ್ಲ.

ಮತ್ತೆ, ಡಬ್ ಆದದ್ದು ಸಿಕ್ಕರೂ ಬೇಡ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಸಾಗಾ ಸ್ವೀಡಿಷ್‌ನಲ್ಲಿ ಕೇಳಿದ್ರೆ ಮಾರ್ಟಿನ್ ಡ್ಯಾನಿಷ್‌ನಲ್ಲೇ ಉತ್ತರ ಕೊಡುತ್ತಾನೆ, ಯಾರೂ ಭಾಷೆ ಬದಲಿಸುವುದಿಲ್ಲ, ಕೆಲಸ ನಡೆಯುತ್ತೆ. ನಮ್ಮ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಒಬ್ಬರು ಮರಾಠಿಯಲ್ಲಿ ರೇಟು ಕೇಳಿ ಇನ್ನೊಬ್ಬರು ಕನ್ನಡದಲ್ಲಿ ಹೇಳುವ ಹಾಗೆ. ಡಬ್ಬಿಂಗ್‌ನಲ್ಲಿ ಅದಷ್ಟೂ ಹೋಗಿಬಿಡುತ್ತೆ.