ಅಮ್ಮ ನಿಲ್ಲಿಸಿದ ಚೌಕದಿಂದ

ಮನೆಯಲ್ಲಿ ಸಾವಾದ ವರ್ಷ ಹಬ್ಬ ಮಾಡುವುದಿಲ್ಲ. ಸೂತಕದಲ್ಲಂತೂ ಹೊಸ್ತಿಲ ಮುಂದೆ ರಂಗೋಲಿಯ ಒಂದೆಳೆಯೂ ಬೀಳುವಂತಿಲ್ಲ. ನಾಮಸ್ಮರಣೆಗೆ ಮಾತ್ರ ಮೈಲಿಗೆಯಿಲ್ಲ ಎಂದು ಹಿರಿಯರು ಹೇಳುವುದುಂಟು. ಅಮ್ಮ ತೀರಿಕೊಂಡ ಮೇಲೆ ನನಗೆ ಹಿಡಿದುಕೊಳ್ಳಲು ಉಳಿದದ್ದು ಆ ಮಾತು, ಮತ್ತು ಅವಳು ಅರ್ಧ ತುಂಬಿಸಿದ್ದ ರಾಮಕೋಟಿ ಪುಸ್ತಕ.

ಪುಟದ ತುಂಬ ಸಣ್ಣ ಚೌಕಗಳು, ಚೌಕಕ್ಕೊಂದು ‘ಶ್ರೀರಾಮ’. ದಿನಕ್ಕೆ ಸಾವಿರದಂತೆ ಬರೆದರೂ ಕೋಟಿಗೆ 27 ವರ್ಷ ದಾಟುತ್ತದೆ. ಮುಗಿಸಲೆಂದು ಹಿಡಿಯುವ ವ್ರತವೇ ಅಲ್ಲ ಅದು, ನನ್ನನ್ನು ಕೇಳಿದರೆ. ಮೊದಲ ಪುಟಗಳಲ್ಲಿ ಅಮ್ಮನ ‘ಶ್ರೀ’ಯ ದೀರ್ಘ ಗೆರೆ ದಾಟಿ ಪಕ್ಕದ ಚೌಕಕ್ಕೆ ಕಾಲಿಡುತ್ತದೆ. ಬರಬರುತ್ತ ಅಕ್ಷರ ಕುಗ್ಗಿವೆ, ಸಾಲು ಓರೆಯಾಗಿದೆ. ಕೊನೆಯ ಚೌಕದಲ್ಲಿ ‘ಶ್ರೀರಾ’ ಅಷ್ಟೇ ಇದೆ. ಯಾರೋ ಕರೆದಿರಬೇಕು, ಎದ್ದು ಹೋಗಿದ್ದಾಳೆ. ಅದನ್ನು ಹಾಗೆಯೇ ಬಿಟ್ಟು ಮುಂದಿನದರಿಂದ ಬರೆಯಲು ಕೂತೆ.

ಒಬ್ಬರ ಸಂಕಲ್ಪವನ್ನು ಇನ್ನೊಬ್ಬರು ಮುಂದುವರಿಸಬಹುದೇ ಎಂದು ಕೇಳಿದವರಿದ್ದಾರೆ. ಶಾಸ್ತ್ರ ಬಲ್ಲವರು ಹೇಳಲಿ. ನನಗೆ ನೆನಪಾದದ್ದು ಅಯೋಧ್ಯಾಕಾಂಡ. ಚಿತ್ರಕೂಟದಲ್ಲಿ ಭರತನ ಬಾಯಿಂದ ತಂದೆಯ ಸಾವು ಕೇಳಿ ರಾಮ ಎಚ್ಚರತಪ್ಪಿ ಬೀಳುತ್ತಾನೆ. ಆಮೇಲೆ ಮಂದಾಕಿನಿಗಿಳಿದು ತರ್ಪಣ ಬಿಟ್ಟು, ಚಕ್ರವರ್ತಿಯಾಗಿದ್ದ ಅಪ್ಪನಿಗೆ ಇಡುವುದೇನನ್ನು? ಬೋರೆಹಣ್ಣು ಬೆರೆಸಿದ, ಇಂಗುದಿ ಎಂಬ ಕಾಡುಕಾಯಿಯ ಹಿಂಡಿಯ ಪಿಂಡ. ಮಹಾರಾಜಾ, ನಾವು ಉಣ್ಣುವುದು ಇದನ್ನೇ, ಪ್ರೀತಿಯಿಂದ ಸ್ವೀಕರಿಸು ಎನ್ನುತ್ತಾನೆ. ದರ್ಭೆಯ ಮೇಲೆ ಅದನ್ನು ಕಂಡು ಕೌಸಲ್ಯೆಗೆ ಎದೆ ಒಡೆಯುತ್ತದೆ. ನಾವು ದೇವರೆಂದು ಕೈಮುಗಿಯುವವನೂ ಇದ್ದದ್ದನ್ನೇ ಇಟ್ಟ. ನನಗೆ ಬರುವುದು ಬರವಣಿಗೆಯೊಂದೇ.

ಬರೆದರೆ ದುಃಖ ಇಳಿಯುತ್ತದೆಂದು ಹೇಳಲಾರೆ. ಕೆಲವು ದಿನ ಬೆರಳು ನೋಯುತ್ತದೆ, ಅಷ್ಟೇ. ಆದರೆ ಅಳು ಬಂದು ಹೋದ ಮೇಲೂ ಮುಂದಿನ ಚೌಕ ಖಾಲಿಯೇ ಇರುತ್ತದೆ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಈಚೆಗೆ ಪುಟದ ಅಂಚಿನಲ್ಲಿ ಅಮ್ಮ ಹಾಕುತ್ತಿದ್ದ ರಂಗೋಲಿಗಳನ್ನೂ ಬಿಡಿಸುತ್ತಿದ್ದೇನೆ: ಏಳು ಚುಕ್ಕಿ, ನಾಲ್ಕರವರೆಗೆ, ಸಂದು ಚುಕ್ಕಿ. ಎಳೆ ಎಲ್ಲಿ ತಿರುಗುತ್ತಿತ್ತೆಂದು ತಲೆಗೆ ಹೊಳೆಯದಿದ್ದರೂ ಕೈಗೆ ಗೊತ್ತಿರುತ್ತದೆ. ಜಪದ ಪುಸ್ತಕದಲ್ಲಿ ಚಿತ್ರವೇ ಎಂದು ಅತ್ತಿಗೆ ಹುಬ್ಬೇರಿಸಿದರು. ರಾಮ ಸೈರಿಸಿಕೊಂಡಾನು.

ಚೈತ್ರ ಶುದ್ಧ ನವಮಿಯ ಹೊತ್ತಿಗೆ ಪುಸ್ತಕ ತುಂಬುತ್ತದೆ. ತುಂಬಿದ್ದನ್ನು ದೇವಸ್ಥಾನಕ್ಕೆ ಒಪ್ಪಿಸುವುದು ವಾಡಿಕೆ. ಅಮ್ಮನ ಕೈಬರಹವನ್ನು ಕೊಟ್ಟುಬಿಡಲು ನನಗಿನ್ನೂ ಮನಸ್ಸಿಲ್ಲ. ದೇವರದ್ದನ್ನು ಮನೆಯಲ್ಲಿಟ್ಟುಕೊಳ್ಳುವುದು ಸರಿಯಲ್ಲವೆಂದು ಅತ್ತಿಗೆ. ವಾದ ನಡೆದೇ ಇದೆ.