ಕಾಫಿಗೆ ನೆರಳು ಬೇಕು, ಆದರೆ ಯಾವ ಮರದ ನೆರಳು?

ಕೊಡಗಿನಲ್ಲಿ ಮರ ಅಂದರೆ ಕಾಡಿನ ಮಾತು ಮಾತ್ರ ಅಲ್ಲ. ವಿರಾಜಪೇಟೆಯಿಂದ ಸೋಮವಾರಪೇಟೆಯವರೆಗೂ ಕಾಫಿ ಬೆಳೆಯುವುದು ಮರದಡಿಯಲ್ಲೇ. ಹಾಗಾಗಿ ಯಾವ ಮರ ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಬಹುಪಾಲು ಬೆಳೆಗಾರರ ಕೈಯಲ್ಲೇ ಇದೆ. ಈಗ ಒಲವೆಲ್ಲ ಸಿಲ್ವರ್ ಓಕ್ ಕಡೆಗೆ. ಬೇಗ ಬೆಳೆಯುತ್ತದೆ, ಕಾಂಡ ನೆಟ್ಟಗಿರುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಸಲೀಸು. ಎಲ್ಲಕ್ಕಿಂತ ಮುಖ್ಯವಾಗಿ, 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ವಿನಾಯಿತಿ ಇರುವುದರಿಂದ ಕಡಿಯಲು ಅನುಮತಿಗಾಗಿ ಓಡಾಡಬೇಕಿಲ್ಲ. ಬೀಟೆ, ಹೊನ್ನೆ, ನಂದಿಗೆ ಆ ವಿನಾಯಿತಿ ಇಲ್ಲ. ಬೆಳೆಗಾರರ ಲೆಕ್ಕಾಚಾರ ಅರ್ಥವಾಗುವಂಥದ್ದೇ. ಆದರೂ ಆಸ್ಟ್ರೇಲಿಯಾದ ಪೂರ್ವ ಭಾಗದಿಂದ ಬಂದ ಈ ಒಂದೇ ಮರದಿಂದ ಇಡೀ ತೋಟ ತುಂಬಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಅದರ ಎಲೆ ನಿಧಾನಕ್ಕೆ ಕೊಳೆಯುತ್ತದೆ, ಕೊಂಬೆ ಪೆಡಸು, ಜೋರು ಗಾಳಿಗೆ ಮುರಿದು ಗಿಡದ ಮೇಲೆ ಬೀಳುತ್ತದೆ.

ಪಕ್ಕದಲ್ಲಿ ಒಂದು ಅತ್ತಿ ಮರ ಇಟ್ಟು ನೋಡಿ. ಕಾಯಿ ಗೊಂಚಲು ಗೊಂಚಲಾಗಿ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ. ಎಳೆಯ ಕಾಯಿಯನ್ನು ಬಿಡಿಸಿದರೆ ಒಳಗೋಡೆಯ ತುಂಬ ಸಾಸಿವೆಗಿಂತ ಸಣ್ಣ ಹೂಗಳು. ತುದಿಯ ಕಿರುಗಂಡಿಯಿಂದ ಒಂದು ಪುಟ್ಟ ಕಣಜ ನುಸುಳುತ್ತದೆ; ನುಸುಳುವಾಗ ಅದರ ರೆಕ್ಕೆ ಹರಿದೇ ಹೋಗುವುದುಂಟು. ಒಳಗೆ ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮರಿ ಕಣಜಗಳು ಪರಾಗ ಹೊತ್ತು ಬೇರೆ ಅತ್ತಿ ಮರ ಹುಡುಕಿ ಹೊರಡುತ್ತವೆ. ಅತ್ತಿ ಹಣ್ಣು ಬಿಡಿಸಿದರೆ ಬರೀ ಹುಳ ಎಂದು ಮೂಗು ಮುರಿಯುತ್ತೇವೆ, ಆ ಹುಳವಿಲ್ಲದಿದ್ದರೆ ಬೀಜವೇ ಕಟ್ಟುವುದಿಲ್ಲ. ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲಕ್ಕೂ ಅತ್ತಿ, ಬಸರಿ ಹಣ್ಣು ಸಿಗುವುದರಿಂದ ಮಂಗಟ್ಟೆ, ಬಾವಲಿ, ಪುನುಗು ಬೆಕ್ಕು ಬರುತ್ತವೆ. ದೇವರಕಾಡಿನಿಂದ ತೋಟಕ್ಕೆ, ತೋಟದಿಂದ ಇನ್ನೊಂದು ಕಾಡಿಗೆ ಬೀಜ ದಾಟಿಸುವವು ಇವೇ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಬಹಳಷ್ಟು ತೀರಾ ಚಿಕ್ಕವು. ನಡುವಿನ ತೋಟಗಳಲ್ಲಿ ಇಂಥ ಮರಗಳಿಲ್ಲದಿದ್ದರೆ ಅವು ಒಂಟಿಯಾಗಿಬಿಡುತ್ತವೆ.

ಎತ್ತರದ ಹಳೆಯ ಮರಗಳಿಂದ ಫಸಲಿಗೂ ನೇರ ಲಾಭವಿದೆ. ಹೆಜ್ಜೇನು ಗೂಡು ಕಟ್ಟುವುದು ಅಂಥ ಮರಗಳ ದಪ್ಪ ಕೊಂಬೆಯಲ್ಲಿ. ಇಲ್ಲಿ ಬೆಳೆಯುವ ಎರಡು ಬಗೆಯ ಕಾಫಿಯಲ್ಲಿ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ರೊಬಸ್ಟಾ ಹಾಗಲ್ಲ, ಬೇರೆ ಗಿಡದ ಪರಾಗ ಬೇಕೇ ಬೇಕು. ಹೂಮಳೆ ಬಿದ್ದ ವಾರ ಹತ್ತು ದಿನಕ್ಕೆ ಅರಳುವ ಹೂ ಕೆಲವೇ ದಿನದಲ್ಲಿ ಬಾಡುತ್ತದೆ. ಅಷ್ಟರೊಳಗೆ ಜೇನು ಬರಬೇಕು. ಆ ದಿನಗಳಲ್ಲಿ ಕೀಟನಾಶಕ ಹೊಡೆಯಲೇಬೇಡಿ. ಅರೇಬಿಕಾಕ್ಕೆ ನೆರಳು ಬೇಕಾಗಿರುವುದು ಇನ್ನೊಂದು ಕಾರಣಕ್ಕೆ: ಬಿಳಿ ಕಾಂಡಕೊರಕ. ಅದರ ದುಂಬಿ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ ಹಾರಾಡುತ್ತದೆ, ಬಿಸಿಲು ಬೀಳುವ ಕಾಂಡದ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಒಂದೇ ಸಲಕ್ಕೆ ನೆರಳು ಬಯಲು ಮಾಡಿದ ಅರೇಬಿಕಾ ತೋಟದಲ್ಲಿ ಕೊರಕ ಹೆಚ್ಚುವುದು ಇದಕ್ಕೇ.

ಹಾಗೆಂದು ದಟ್ಟ ನೆರಳೂ ಒಳ್ಳೆಯದಲ್ಲ. ಮಳೆಗಾಲದಲ್ಲಿ ಗಾಳಿಯಾಡದೆ, ಎಲೆಯಿಂದ ನೀರು ತೊಟ್ಟಿಕ್ಕುತ್ತಲೇ ಇದ್ದರೆ ಕೊಳೆರೋಗ ಗ್ಯಾರಂಟಿ. ಅದಕ್ಕೇ ಮುಂಗಾರಿಗೆ ಮುಂಚೆ ಮರ ಕಪಾತು. ಮೇಲಿನ ಮರಗಳ ಕೆಳಕೊಂಬೆ ತೆಗೆದು ಎಲೆಛಾವಣಿಯನ್ನು ಮೂವತ್ತು ನಲವತ್ತು ಅಡಿಗೆ ಏರಿಸಬೇಕು. ಚದುರಿದ ನೆರಳು ಸಿಗುತ್ತದೆ, ಗಾಳಿಯೂ ಆಡುತ್ತದೆ.

ಬಹಳ ಕಡೆ ಕೆಡುವುದು ಕಡಿಯುವ ರೀತಿಯಲ್ಲಿ. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಮನೆ ಕಡಿದರೆ ಅರ್ಧಕ್ಕೇ ಭಾರಕ್ಕೆ ಜಗ್ಗಿ, ಕಾಂಡದ ತೊಗಟೆಯನ್ನೂ ಉದ್ದಕ್ಕೆ ಸೀಳಿಕೊಂಡು ಬೀಳುತ್ತದೆ. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ, ಕೊಂಬೆಯ ಕೆಳಬದಿಯಿಂದ ಮೂರನೇ ಒಂದು ಭಾಗ ಗರಗಸ ಹಾಕಿ. ಅದಕ್ಕಿಂತ ಮೂರು ನಾಲ್ಕು ಇಂಚು ಆಚೆ ಮೇಲಿನಿಂದ ಕೊಯ್ದು ಕೊಂಬೆ ಬೀಳಿಸಿ. ಉಳಿದ ಮೋಟನ್ನು ಕೊಂಬೆಯ ಬುಡದಲ್ಲಿ ಉಬ್ಬಿದ ಉಂಗುರದಂಥ ಭಾಗದ ಹೊರಗೆ ತೆಗೆಯಿರಿ. ಆ ಉಂಗುರ ಉಳಿದರೆ ಹೊಸ ತೊಗಟೆ ಸುತ್ತಲಿಂದ ಗಾಯವನ್ನು ಮುಚ್ಚಿಕೊಂಡು ಬರುತ್ತದೆ. ಉದ್ದ ಮೋಟು ಬಿಟ್ಟರೆ ಅದು ಒಣಗಿ, ನೀರು ಇಳಿದು, ಕಾಂಡದೊಳಗೇ ಕೊಳೆ ಸೇರುತ್ತದೆ. ಕೆಲ ವರ್ಷ ಕಳೆದು ಗಾಳಿಮಳೆಗೆ ಬೀಳುವ ಪೊಳ್ಳು ಮರಗಳಲ್ಲಿ ಎಷ್ಟೋ ಇಂಥವು. ದೊಡ್ಡ ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯಿರಿ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 10 ಲೀಟರ್. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಸಾಕು.

ಮರ ಹತ್ತುವವರ ಜೀವದ ಮಾತೂ ಇಲ್ಲೇ ಹೇಳಬೇಕು. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ತೋಟದ ಕಾರ್ಮಿಕರು ಸತ್ತ ಸುದ್ದಿ ಕೊಡಗಿನಲ್ಲಿ ಮತ್ತೆ ಮತ್ತೆ ಬರುತ್ತದೆ. ತಂತಿಯ ಹತ್ತಿರದ ಮರಕ್ಕೆ ಲೈನ್ ಆಫ್ ಮಾಡಿಸದೆ ಕಪಾತು ಬೇಡ, ಮೆಣಸು ಕೊಯ್ಲೂ ಬೇಡ. ಆ ಮರಗಳಿಗೆ ಬಿದಿರಿನ ಏಣಿಯೇ ಇರಲಿ, ಅದೂ ಒಣಗಿದ್ದು.

ಕೆಳನೆರಳಿಗೆ ಹಾಲುವಾಣ ಬಿಟ್ಟರಿಲ್ಲ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ, ಕಡಿದ ಸೊಪ್ಪು ಗಿಡದ ಬುಡಕ್ಕೆ ಗೊಬ್ಬರ. ಎರಡು ಮೀಟರ್ ಉದ್ದದ ಗೂಟವನ್ನು ಜೂನ್ ಮಳೆ ಹಿಡಿದ ಮೇಲೆ ನೆಟ್ಟರೆ ಸಾಕು. ಮೊದಲ ಬೇಸಿಗೆಯಲ್ಲಿ ಕಾಂಡಕ್ಕೆ ತೆಳು ಸುಣ್ಣ ಬಳಿಯದಿದ್ದರೆ ಬಿಸಿಲಿಗೆ ತೊಗಟೆ ಸುಡುತ್ತದೆ.

ಮೇಲ್ನೆರಳಿಗೆ 40 ಅಡಿ ಅಂತರದಲ್ಲಿ ಎಕರೆಗೆ 27 ಮರ ಹಿಡಿಸುತ್ತದೆ. ಅದರಲ್ಲಿ ಅರ್ಧವಾದರೂ ನಮ್ಮ ನೆಲದ ಜಾತಿಯವು ಇರಲಿ: ಅತ್ತಿ, ಬಸರಿ, ಹಲಸು, ನೇರಳೆ, ಹೊನ್ನೆ. ಹಲಸು, ನೇರಳೆಯ ಬೀಜ ಒಣಗಿದರೆ ಸತ್ತಂತೆ. ಹಣ್ಣಿನಿಂದ ತೆಗೆದು ತೊಳೆದು ಆ ವಾರವೇ ಮಣ್ಣು ತುಂಬಿದ ಪಾಲಿಥಿನ್ ಚೀಲದಲ್ಲಿ ಬಿತ್ತಬೇಕು. ಮೆಣಸು ಹಬ್ಬಿಸುವುದಾದರೆ ಒರಟು ತೊಗಟೆಯ ಮರ ನೋಡಿ. ನಂದಿಯ ತೊಗಟೆ ಹಾಳೆಹಾಳೆಯಾಗಿ ಉದುರುವುದರಿಂದ ಬಳ್ಳಿಯ ಬೇರಿಗೆ ಹಿಡಿತ ಸಿಗುವುದಿಲ್ಲ. ಬಳ್ಳಿಯನ್ನು ಮರದ ಉತ್ತರ ಬದಿಗೆ, ಬುಡದಿಂದ ಒಂದಡಿ ಬಿಟ್ಟು ನೆಡಿ. ದಕ್ಷಿಣಕ್ಕೆ ನೆಟ್ಟರೆ ಬೇಸಿಗೆಯ ಬಿಸಿಲಿಗೆ ಎಳೆ ಬಳ್ಳಿ ಬಾಡಿಹೋಗುತ್ತದೆ.