ಟೈಟಲ್ ಕಾರ್ಡಿನಲ್ಲಿ ಇಲ್ಲದ ಹೆಸರು

ಹಾಸನದ ಗೆಳತಿ ಮನೆಯಲ್ಲಿ ಹಾಲಿವುಡ್ ಸಿನಿಮಾ ‘ಟ್ರೂ ಗ್ರಿಟ್’ ನೋಡುವಾಗ ಎಲ್ಲರೂ ಅದರ ನಾಯಕ ನಟ ಜಾನ್ ವೇಯ್ನ್ ಗುಂಗಿನಲ್ಲಿದ್ದರೆ, ಅವಳ ಅತ್ತೆ ಮಾತ್ರ ಚಕ್ಕುಲಿ ಮುರಿಯುತ್ತಾ, ‘ಇದನ್ನ ಬರೆದಿದ್ದು ಯಾರಮ್ಮ?’ ಅಂದರು. ಒಳ್ಳೇ ಪ್ರಶ್ನೆ!

ಚಿತ್ರಕಥೆ ಮಾರ್ಗರೀಟ್ ರಾಬರ್ಟ್ಸ್ ಅವರದ್ದು. ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ಬೇಡಿಕೆಯ ಬರಹಗಾರ್ತಿ. 1951ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಕರೆದು, ಕಮ್ಯುನಿಸ್ಟರ ಹೆಸರು ಹೇಳಿ ಅಂದಾಗ ಇವರು ಬಾಯಿ ಬಿಡಲಿಲ್ಲ, ಅಷ್ಟಕ್ಕೇ ಕೆಲಸ ಹೋಯಿತು. ‘ಐವಾನ್‌ಹೋ’ಗೆ ದುಡಿದಿದ್ದರೂ 1952ರಲ್ಲಿ ಅದು ಬಿಡುಗಡೆಯಾದಾಗ ಪರದೆ ಮೇಲೆ ಇವರ ಹೆಸರೇ ಇಲ್ಲ. ಇದು ಸುಮ್ನೆ ಅನ್ಯಾಯ ಅಲ್ಲ, ಕಳ್ಳತನ. ಮತ್ತೆ ಕೆಲಸ ಸಿಕ್ಕಿದ್ದು 1960ರ ದಶಕದಲ್ಲಿ.

ತಮಾಷೆ ನೋಡಿ, ಕಮ್ಯುನಿಸ್ಟರೆಂದರೆ ಉರಿದುಬೀಳುತ್ತಿದ್ದ ವೇಯ್ನ್‌ಗೆ ಜೀವನದಲ್ಲಿ ಒಂದೇ ಒಂದು ಆಸ್ಕರ್ ಸಿಕ್ಕಿತು. ಅದು ಇವರು ಬರೆದ 1969ರ ‘ಟ್ರೂ ಗ್ರಿಟ್’ ಸಿನಿಮಾಕ್ಕೇ.